ಟಾಕೀಸು ಹೋಯ್ತು, ಸ್ಟಾಪ್ ಉಳೀತು

ಕಳೆದ ತಿಂಗಳು ಅರಸೀಕೆರೆಯಿಂದ ನಮ್ಮ ಸೋದರಮಾವ, ಅತ್ತೆ ಬಂದರು. ರೈಲಿಳಿದು ಹೊರಗೆ ಬಂದವರೇ ಮಾವ ಫೋನ್ ಮಾಡಿದರು.

"ಮೆಜೆಸ್ಟಿಕ್‌ಗೆ ಬಂದಿದ್ದೀವಿ ಕಣೋ. ಮೆಜೆಸ್ಟಿಕ್ ಎಲ್ಲಿ?"

"ನೀವು ನಿಂತಿರೋದೇ ಮೆಜೆಸ್ಟಿಕ್, ಮಾವ."

"ಅದಲ್ವೋ, ಟಾಕೀಸು. ನಿಮ್ಮತ್ತೆ ಕೇಳ್ತಿದಾಳೆ. ಮದುವೆಯಾದ ಹೊಸದರಲ್ಲಿ ಅಲ್ಲೇ ಸಿನಿಮಾ ನೋಡಿದ್ವಿ."

ಏನು ಹೇಳೋದು? ಆ ಟಾಕೀಸು ಹೋಗಿ ಎಷ್ಟೋ ವರ್ಷವಾಯಿತು. ಆದರೆ ಗೋಡೆ ಬಿದ್ದ ಮೇಲೆ ಹೆಸರಿಗೆ ಬಿಡುಗಡೆ ಸಿಕ್ಕಿದಂತಾಗಿ ಸುತ್ತಮುತ್ತ ಎಲ್ಲ ಕಡೆ ಹರಡಿಕೊಂಡಿದೆ. ಬಸ್ ಸ್ಟಾಂಡು ಮೆಜೆಸ್ಟಿಕ್, ಲಾಡ್ಜುಗಳ ಬೀದಿ ಮೆಜೆಸ್ಟಿಕ್, ರೈಲ್ವೆ ಸ್ಟೇಷನ್ನೂ ಅರ್ಧ ಮೆಜೆಸ್ಟಿಕ್. ಬಸ್ ಸ್ಟಾಂಡಿಗೆ ಸರ್ಕಾರ ಇಟ್ಟ ಹೆಸರು ಕೆಂಪೇಗೌಡ ನಿಲ್ದಾಣ. ಯಾರೂ ಹಾಗೆ ಕರೆಯಲ್ಲ. ಕರೆದರೆ ಆಟೋದವನು ಮೀಟರ್ ಹಾಕಿ ನೇರ ದೇವನಹಳ್ಳಿ ಏರ್‌ಪೋರ್ಟಿಗೆ ಬಿಡುತ್ತಾನೆ. (ಮೀಟರ್ ಹಾಕುವ ಭಾಗ ಬರೀ ಕಲ್ಪನೆ.) ಕೊನೆಗೆ ಮೆಟ್ರೋದವರು ಒಂದು ರಾಜಿಗೆ ಬಂದರು: 'ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್'. ಊರು ಕಟ್ಟಿದ ಗೌಡರ ವಿಳಾಸ ಹೇಳುವುದಕ್ಕೂ ಇಲ್ಲದ ಟಾಕೀಸೇ ಬೇಕಾಯಿತು.

ಅದಕ್ಕೂ ಮೊದಲು ಅಲ್ಲಿ ಧರ್ಮಾಂಬುಧಿ ಅಂತ ಕೆರೆ ಇತ್ತು. ಕೆರೆ ಬತ್ತಿತು, ಬಸ್ಸು ಬಂತು. ಪಕ್ಕದ ರಸ್ತೆಗೆ ಇವತ್ತಿಗೂ ಟ್ಯಾಂಕ್ ಬಂಡ್ ರೋಡ್ ಅಂತಾರೆ. ಏರಿ ಮೇಲೆ ಓಡಾಡ್ತಿದ್ದೀವಿ ಅಂತ ನಂಬಿಕೊಂಡು ಜನ ಅಲ್ಲಿ ಚಾರ್ಜರ್ ವೈರಿಗೆ ಚೌಕಾಸಿ ಮಾಡುತ್ತಾರೆ. ಬೆಂಗಳೂರಿನ ಪದ್ಧತಿಯೇ ಇದು. ಜಾಗ ಮಾರುತ್ತೇವೆ, ಹೆಸರು ಇಟ್ಟುಕೊಳ್ಳುತ್ತೇವೆ. ಹೆಸರಿಗೆ ಖಾತೆ ಆಗಲ್ಲ ನೋಡಿ. ಎ ಖಾತಾನೂ ಇಲ್ಲ, ಬಿ ಖಾತಾನೂ ಇಲ್ಲ. ಇದ್ದಿದ್ದರೆ ಅದನ್ನೂ ಯಾವತ್ತೋ ರಿಜಿಸ್ಟರ್ ಮಾಡಿಸಿ ಕೈತೊಳೆದುಕೊಂಡಿರುತ್ತಿದ್ದೆವು.

ಮಿನರ್ವ ಸರ್ಕಲ್‌ಗೆ ಹೋಗಿ ಮಿನರ್ವ ಹುಡುಕಬೇಡಿ. ಹಲಸೂರಿನ ಲಿಡೊ ಮಾಲ್ ಆಯಿತು. ಎಂ.ಜಿ. ರೋಡಿನಲ್ಲಿ 1936ರಲ್ಲಿ ಕಟ್ಟಿದ್ದ ಪ್ಲಾಜಾ ಮಾಯವಾಯಿತು. ಬ್ರಿಗೇಡ್ ರೋಡಿನ ರೆಕ್ಸ್ ಕೊನೆಯ ಆಟ ಮುಗಿಸಿದ್ದು 2018ರ ಡಿಸೆಂಬರ್ 31ಕ್ಕೆ. ಆ ರಾತ್ರಿ ಬ್ರಿಗೇಡ್ ರೋಡಿಗೆ ಅರ್ಧ ಊರೇ ಸೇರುತ್ತದೆ. ಅಷ್ಟು ಜನ ಇನ್ಯಾವ ಟಾಕೀಸಿನ ತಿಥಿಗೂ ಸೇರಿರಲಿಕ್ಕಿಲ್ಲ. ಪಾಪ, ಅವರು ಬಂದಿದ್ದು ಬೇರೆ ಕೆಲಸಕ್ಕೆ.

ಅದೇ ಕಡೆಯ ಆಪೆರಾ ಹೌಸ್ ಕತೆ ಇನ್ನೂ ಚೆನ್ನಾಗಿದೆ. ಬ್ರಿಟಿಷರ ಕಾಲದಲ್ಲಿ ಅಲ್ಲಿ ನಾಟಕ, ಸಂಗೀತ. ಆಮೇಲೆ ಸಿನಿಮಾ. ಆಮೇಲೆ ಬಹಳ ಕಾಲ ಬೀಗ. 2018ರಲ್ಲಿ ಸ್ಯಾಮ್‌ಸಂಗ್‌ನವರು ಸುಣ್ಣಬಣ್ಣ ಮಾಡಿ, ಮೊಬೈಲು ಟೀವಿ ತೋರಿಸುವ ಮಳಿಗೆ ತೆರೆದರು. ಹೆಸರು ಆಪೆರಾ ಹೌಸ್ ಅಂತಲೇ ಉಳಿಯಿತು. ಕಟ್ಟಡ ಉಳಿಯಿತಲ್ಲ ಅಂತ ಎಲ್ಲರೂ ಚಪ್ಪಾಳೆ ತಟ್ಟಿದರು, ನಾನೂ ತಟ್ಟಿದೆ. ಟಾಕೀಸನ್ನು ಮುಳುಗಿಸಿದ ಎರಡು ಪರದೆಗಳನ್ನೇ ಟಾಕೀಸಿನ ಗರ್ಭಗುಡಿಯಲ್ಲಿ ಕೂರಿಸಿ ಲೈಟು ಹಾಕಿದ್ದಾರೆ ಅಂತ ಹೊಳೆದಿದ್ದು ಮನೆಗೆ ಬಂದ ಮೇಲೆ.

ಮಿನರ್ವ ಬಿಟ್ಟರೆ ಇದೆಲ್ಲ ದಂಡಿನ ಕಡೆಯ, ಅಂದರೆ ಕಂಟೋನ್ಮೆಂಟಿನ ಕತೆ. ನಮ್ಮ ಕಡೆ, ಗಾಂಧಿನಗರದಲ್ಲಿ, ಕಪಾಲಿ ಇತ್ತು. 1968ರಲ್ಲಿ ಮೊರಾರ್ಜಿ ದೇಸಾಯಿಯವರು ಬಂದು ಉದ್ಘಾಟನೆ ಮಾಡಿದ್ದು. 1,400ಕ್ಕೂ ಜಾಸ್ತಿ ಸೀಟು. ಗಾಂಧಿ ಕ್ಲಾಸಿನಲ್ಲಿ ಕೂತರೆ ಹೀರೋನ ಒಂದು ಕಣ್ಣು ನೋಡಿ ಮುಗಿಸುವಷ್ಟರಲ್ಲಿ ಡೈಲಾಗು ಮುಗಿದಿರುತ್ತಿತ್ತು, ಅಷ್ಟು ದೊಡ್ಡ ಪರದೆ. 2017ರ ಅಕ್ಟೋಬರ್‌ಗೆ ಆಟ ನಿಂತಿತು. ಒಡೆದರು. ಹೊಸ ಕಟ್ಟಡಕ್ಕೆ ಅಂತ ಆಳವಾಗಿ ಪಾಯ ತೋಡಿದರು. 2020ರ ಜುಲೈನಲ್ಲಿ ಆ ಗುಂಡಿಯ ಪಕ್ಕದಲ್ಲಿದ್ದ ಲಾಡ್ಜಿನ ಕಟ್ಟಡ ಕುಸಿದು ಬಿತ್ತು. ಪುಣ್ಯಕ್ಕೆ ಯಾರ ಜೀವಕ್ಕೂ ಏನೂ ಆಗಲಿಲ್ಲ. ಕಟ್ಟಡ ಬೀಳುವ ಸೀನು ನೋಡೋಕೆ ಹಿಂದೆ ಅಲ್ಲಿ ಕ್ಯೂ ನಿಂತು ಟಿಕೆಟ್ ತಗೋಬೇಕಿತ್ತು. ಈ ಸಲ ಪುಕ್ಕಟೆ ತೋರಿಸಿದರು.

ಟಾಕೀಸುಗಳು ಒಂದೊಂದಾಗಿ ಹೋದದ್ದರಿಂದ ಅತಿ ಜಾಸ್ತಿ ಪೇಚಿಗೆ ಸಿಕ್ಕಿದವನು ಕಟೌಟು. ಮೊದಲೆಲ್ಲ ಕೆ.ಜಿ. ರೋಡಿನಲ್ಲಿ ಮೇನ್ ಥಿಯೇಟರ್ ಸಿಕ್ಕರೆ ಮಾತ್ರ ಸಿನಿಮಾ ಬಿಡುಗಡೆ ಆದ ಲೆಕ್ಕ. ಊರಲ್ಲಿ ಬೇರೆ ನೂರು ಕಡೆ ಓಡಿದರೂ "ಮೇನ್ ಥಿಯೇಟರ್ ಯಾವುದು?" ಅನ್ನೋದೇ ಪ್ರಶ್ನೆ. ಅದರ ಮುಂದೆ ಕಟೌಟು, ಹೂವಿನ ಹಾರ, ಹಾಲಿನ ಅಭಿಷೇಕ. ಈಗ ಹೀರೋಗೆ ನಿಲ್ಲೋಕೆ ಜಾಗವಿಲ್ಲ. ಮಾಲ್ ಬಾಗಿಲಲ್ಲಿ ಹಾಲು ಸುರಿದರೆ ಸೆಕ್ಯೂರಿಟಿಯವನು ಮಾಪ್ ತರುತ್ತಾನೆ. ಅವನ ಹಿಂದೆಯೇ 'ಎಚ್ಚರ, ನೆಲ ಒದ್ದೆ ಇದೆ' ಅನ್ನುವ ಹಳದಿ ಬೋರ್ಡು ಬರುತ್ತದೆ.

ಇತ್ತೀಚೆಗೆ ಇಂಥದೇ ಒಂದು ಟಾಕೀಸು ಉಳಿಸುವ ಸಭೆಗೆ ಹೋಗಿದ್ದೆ. ಯಾವುದು ಅಂತ ಕೇಳಬೇಡಿ, ವಿಷಯ ಕೋರ್ಟಿನಲ್ಲಿದೆ. ಪೇಟೆ ಮಧ್ಯದ ಜಾಗ. ತಾತ ಕಟ್ಟಿಸಿದ್ದು, ಮಕ್ಕಳು ನಡೆಸಿದ್ದು. ಮೊಮ್ಮಕ್ಕಳಲ್ಲಿ ಇಬ್ಬರು ಅಮೆರಿಕದಲ್ಲಿದ್ದಾರೆ, ಉಳಿದವರು ಓಟಿಟಿಯಲ್ಲಿದ್ದಾರೆ. ಬಿಲ್ಡರ್ ಜತೆ ಅಗ್ರಿಮೆಂಟ್ ಆಗಿದೆ. ಅತ್ತಿಗೆಯೊಬ್ಬರು ಪಾಲಿಗೆ ದಾವೆ ಹಾಕಿದ್ದಾರೆ. ಹೀಗಾಗಿ ಅದನ್ನು ಸದ್ಯಕ್ಕೆ ಕಾಪಾಡಿಕೊಂಡು ಬಂದಿರುವುದು ಪರಂಪರೆಯಲ್ಲ, ಪಾರ್ಟಿಷನ್ ಸೂಟು. ನನ್ನ ಕೇಳಿದರೆ ಈ ಊರಿನಲ್ಲಿ ಹಳೇ ಕಟ್ಟಡಕ್ಕೆ ದಾಯಾದಿ ಜಗಳದಷ್ಟು ಗಟ್ಟಿ ಕಾವಲು ಇನ್ನೊಂದಿಲ್ಲ.

ಸಭೆ ಸೇರಿದ್ದು ಟಾಕೀಸಿನ ಎದುರಿನ ದರ್ಶಿನಿಯ ಮೇಲಿನ ಹಾಲಿನಲ್ಲಿ. ಎಸಿ ಇದೆ ಅಂತ. ಒಬ್ಬರು ಎದ್ದು "ಇದು ಬರೀ ಕಟ್ಟಡ ಅಲ್ಲ ಸ್ವಾಮಿ, ಭಾವನೆ" ಅಂದರು. ಇನ್ನೊಬ್ಬರು ಬಾಲ್ಕನಿ ಮೆಟ್ಟಿಲಿನ ಹಿತ್ತಾಳೆ ಕಂಬಿ ನೆನೆದು ಗಂಟಲು ಕಟ್ಟಿದರು. ಸ್ಮಾರಕ ಮಾಡಿ ಅಂದರು ಕೆಲವರು. ಮ್ಯೂಸಿಯಂ ಮಾಡಿ, ಸರ್ಕಾರವೇ ಕೊಳ್ಳಲಿ ಅಂದರು ಹಲವರು. ಸರ್ಕಾರ ಕೊಂಡರೆ ಏನಾಗುತ್ತದೆ ಅಂತ ಗೊತ್ತಿದ್ದ ಒಬ್ಬ ರಿಟೈರ್ಡ್ ಇಂಜಿನಿಯರ್ ಮಾತ್ರ ಮೈಕಿಗೆ ಹೋಗದೆ ಸುಮ್ನೆ ಕೂತು ವಡೆ ತಿಂದರು.

ಆಗ ಹಿಂದಿನ ಸಾಲಿನಿಂದ ಟಾಕೀಸಿನ ಮ್ಯಾನೇಜರ್ ಎದ್ದರು. ಕರೆದಿರಲಿಲ್ಲ, ಕಾಫಿಗೆ ಬಂದಿದ್ದವರು.

"ಎಲ್ಲ ಸರಿ ಸಾರ್. ನಮ್ಮಲ್ಲಿ ಕೊನೇ ಸಲ ಟಿಕೆಟ್ ತಗೊಂಡಿದ್ದು ಯಾವಾಗ, ಒಬ್ಬೊಬ್ಬರೇ ಹೇಳ್ತೀರಾ?"

ಫ್ಯಾನು ತಿರುಗುವ ಸದ್ದು ಕೇಳಿಸಿತು. ಭಾವನೆಯವರು ಫೋನ್ ನೋಡಿದರು. ಕಂಬಿಯವರು ಕಾಲೇಜು ದಿನಗಳ ಒಂದು ಇಸವಿ ಹೇಳಿದರು. ನಾನು ಚಪ್ಪಲಿ ನೋಡಿಕೊಂಡೆ. ಯಾಕೆಂದರೆ ಮ್ಯಾನೇಜರಿಗೆ ನನ್ನ ಮುಖ ಚೆನ್ನಾಗಿ ಗೊತ್ತು. ಎರಡು ವರ್ಷದಿಂದ ವಾರಕ್ಕೆ ಮೂರು ದಿನ ಅವರ ಸ್ಟಾಂಡಿನಲ್ಲಿ ಸ್ಕೂಟರ್ ನಿಲ್ಲಿಸಿ, ಬೀನ್ಸು ಕ್ಯಾರೆಟ್ ತಗೊಂಡು ಬರುತ್ತಿದ್ದೇನೆ. ನಾನೊಬ್ಬನೇ ಅಲ್ಲ. ಮೆಟ್ರೋಗೆ ಹೋಗುವವರೂ ಅಲ್ಲೇ ಗಾಡಿ ಬಿಡುತ್ತಾರೆ. ಒಳಗೆ ನಾಲ್ಕು ಆಟ ಖಾಲಿ. ಹೊರಗೆ ಸ್ಟಾಂಡಿನಲ್ಲಿ ಬೆಳಗಿನಿಂದ ಹೌಸ್‌ಫುಲ್, ಬ್ಲಾಕಿನಲ್ಲೂ ಜಾಗ ಸಿಗಲ್ಲ.

"ಸ್ಟಾಂಡ್ ಇರುತ್ತಲ್ವಾ ಸಾರ್, ಕಟ್ಟಡ ಹೋದ್ರೂ?" ಅಂತ ಯಾರೋ ಕೇಳಿದರು. ಯಾರು ಅಂತ ಹೇಳುವುದಿಲ್ಲ. ಬೀನ್ಸು ಇತ್ತು ಕೈಯಲ್ಲಿ.

ಬಿಲ್ಡರ್ ಕಡೆಯಿಂದ ಬಂದಿದ್ದ ಹುಡುಗ ಒಳ್ಳೆಯವನು. ಲ್ಯಾಪ್‌ಟಾಪ್ ತೆಗೆದು ಚಿತ್ರ ತೋರಿಸಿದ. ನೆಲದ ಕೆಳಗೆ ಮೂರು ಅಂತಸ್ತು ಪಾರ್ಕಿಂಗ್. ಮೇಲೆ ಅಂಗಡಿ, ಆಫೀಸು. ಆರನೇ ಮಹಡಿಯಲ್ಲಿ ಚಿಕ್ಕ ಚಿಕ್ಕ ಪರದೆಗಳು. ಹಳೇ ಪ್ರೊಜೆಕ್ಟರನ್ನು ಲಿಫ್ಟಿನ ಪಕ್ಕ ಗಾಜಿನ ಪೆಟ್ಟಿಗೆಯಲ್ಲಿ ಇಡುತ್ತಾರಂತೆ, ಸೆಲ್ಫಿ ಪಾಯಿಂಟ್. ಪಕ್ಕದ ಗೋಡೆಗೆ ಹಳೇ ಟಿಕೆಟ್ ದರದ ಬೋರ್ಡು. "ಫಸ್ಟ್ ಕ್ಲಾಸ್ ಎರಡೂವರೆ ರೂಪಾಯಿ ಅಂತ ಇದ್ಯಲ್ಲ ಸಾರ್, ಅದೇ. ಜನಕ್ಕೆ ಖುಷಿಯಾಗತ್ತೆ." ಅಲ್ಲಿ ನಿಂತು ಖುಷಿಪಟ್ಟು, ಪಕ್ಕದ ಕೌಂಟರಿನಲ್ಲಿ ಪಾಪ್‌ಕಾರ್ನ್ ರೇಟು ಕೇಳಿ ಅಲ್ಲೇ ಕೂತುಕೊಳ್ಳಬಹುದು. ಬೆಂಚು ಕೂಡ ಕೊಡುತ್ತಾರೆ.

ರೇಟು ಅಂದಿದ್ದಕ್ಕೆ ನೆನಪಾಯಿತು. ಸಿನಿಮಾ ಟಿಕೆಟಿಗೆ ₹200 ಮೀರಬಾರದು ಅಂತ ಸರ್ಕಾರ 2025ರ ಸೆಪ್ಟೆಂಬರ್‌ನಲ್ಲಿ ಆದೇಶ ತಂದಿತು. ಮಲ್ಟಿಪ್ಲೆಕ್ಸಿನವರು ಹೈಕೋರ್ಟಿಗೆ ಹೋದರು. ಅದೇ ತಿಂಗಳು ತಡೆ ಬಂತು. ಆ ಆದೇಶ ಬಂದ ದಿನ ನಮ್ಮ ಮ್ಯಾನೇಜರಿಗೆ ಯಾರೋ ಫೋನ್ ಮಾಡಿ ಏನನ್ನಿಸುತ್ತೆ ಅಂತ ಕೇಳಿದರಂತೆ. ಇವರ ಬಾಲ್ಕನಿ ಟಿಕೆಟ್ಟು ಇನ್ನೂರರ ಹತ್ತಿರಕ್ಕೂ ಹೋಗಿದ್ದಿಲ್ಲ. "ಇನ್ನೂರು ಮಾಡೋಕೆ ನಮಗೂ ಪರ್ಮಿಷನ್ನಾ ಸಾರ್?" ಅಂತ ಇವರೇ ತಿರುಗಿ ಕೇಳಿದರಂತೆ.

ಸಭೆ ಮುಗಿಯುವಾಗ ಒಮ್ಮತದಿಂದ ಮೂರು ತೀರ್ಮಾನ ಆಯಿತು. ಕಟ್ಟಡ ಉಳಿಸಬೇಕು ಅಂತ ಮನವಿ ಕೊಡೋದು. ಉಳಿಯದಿದ್ದರೆ ಹೊಸ ಕಟ್ಟಡಕ್ಕೆ ಅದೇ ಹೆಸರಿಡಬೇಕು ಅಂತ ಇನ್ನೊಂದು ಮನವಿ ಕೊಡೋದು. ಕೊನೇ ಆಟಕ್ಕೆ ಎಲ್ಲರೂ ಸೇರಿ ಹೋಗೋದು. ಮೂರನೆಯದಕ್ಕೆ ಮಾತ್ರ ಅಲ್ಲೇ ಎಲ್ಲರೂ ಹೆಸರು ಕೊಟ್ಟರು. ಯಾವತ್ತು ಅಂತ ಮ್ಯಾನೇಜರನ್ನು ಮತ್ತೆ ಮತ್ತೆ ಕೇಳಿದರು, ವೀಕೆಂಡ್ ಆದ್ರೆ ಒಳ್ಳೇದು ಅಂದರು. ಐಸಿಯು ಹೊರಗೆ ನಿಂತು ಊಟ ಎಷ್ಟು ಗಂಟೆಗೆ ಅಂತ ಕೇಳಿದ ಹಾಗಿತ್ತು. ಬಿಲ್ಡರ್ ಹುಡುಗ ಎರಡನೇ ಮನವಿಗೆ ಅಲ್ಲೇ ಒಪ್ಪಿಕೊಂಡ. ಹೆಸರಿಗೆ ಖಾತೆ ಇಲ್ಲವಲ್ಲ, ಅವನಿಗೆ ಏನು ಖರ್ಚು?

ಮಾವನ ವಿಷಯಕ್ಕೆ ಬರೋಣ. ಅವರು ಬರಬೇಕಿದ್ದದ್ದು ಗುಟ್ಟಹಳ್ಳಿಯ ನಮ್ಮಕ್ಕನ ಮನೆಗೆ. "ಮೆಜೆಸ್ಟಿಕ್‌ನಲ್ಲಿ ಬಸ್ ಹತ್ತಿ, ಕಾವೇರಿ ಥಿಯೇಟರ್ ಅಂತ ಟಿಕೆಟ್ ತಗೊಳ್ಳಿ, ಸ್ಟಾಪಲ್ಲಿ ನಾನು ನಿಂತಿರ್ತೀನಿ" ಅಂದೆ. ಬೇರೆ ಗುರುತು ಹೇಳೋಣ ಅಂದರೆ ನನಗೇ ಗೊತ್ತಿಲ್ಲ. 1974ರಲ್ಲಿ ಶುರುವಾದ ಕಾವೇರಿ, 50 ವರ್ಷ ತುಂಬಿಸಿ 2024ರಲ್ಲಿ ಬಾಗಿಲು ಹಾಕಿತು, ಒಡೆದೂ ಆಯಿತು. ಅಡ್ರೆಸ್ ಕೊಡುವ ಕೆಲಸದಿಂದ ಮಾತ್ರ ಅದಕ್ಕೆ ರಿಟೈರ್‌ಮೆಂಟ್ ಸಿಕ್ಕಿಲ್ಲ.

ಬಸ್ ಬಂತು. "ಯಾರ್ರೀ ಕಾವೇರಿ ಥಿಯೇಟರ್, ಬೇಗ ಇಳೀರಿ" ಅಂತ ಕಂಡಕ್ಟರ್ ಕೂಗಿದ. ಮಾವ ಬ್ಯಾಗ್ ಹಿಡಿದು ಇಳಿದರು. ಹಿಂದೆ ಅತ್ತೆ. ಶಕ್ತಿ ಯೋಜನೆಯ ಸೊನ್ನೆ ಟಿಕೆಟ್ಟನ್ನು ಅವರು ಎರಡು ಬೆರಳಲ್ಲಿ ಹಿಡಿದು, ಕನ್ನಡಕ ಏರಿಸಿ ಓದುತ್ತಿದ್ದರು.

"ಥಿಯೇಟರ್‌ಗೆ ಟಿಕೆಟ್ಟು ಪುಕ್ಕಟೆ ಕೊಟ್ಟ ಕಣೋ. ನಿಮ್ಮ ಮಾವನ ಹತ್ರ ಮಾತ್ರ ದುಡ್ಡು ತಗೊಂಡ."

ಆಮೇಲೆ ರಸ್ತೆಯ ಈ ಕಡೆ, ಆ ಕಡೆ ಒಂದು ಸಲ ನೋಡಿ ಕೇಳಿದರು.

"ಯಾವ ಸಿನಿಮಾನೋ?"