30 ಕೆಬಿ ಜಾಗ, ಹೆಸರಿಡೋಕೆ ಮಾತ್ರ ಒಂದೇ ಅಕ್ಷರ!

ಎಚ್‌ಪಿ 35ಎಸ್ ಅನ್ನೋ ಪ್ರೋಗ್ರಾಂ ಬರೆಯಬಹುದಾದ ಕ್ಯಾಲ್ಕುಲೇಟರ್ ಬಂದದ್ದು 2007ರಲ್ಲಿ, ಸುಮಾರು 30 ಕೆಬಿ ಮೆಮೊರಿ ಹೊತ್ತುಕೊಂಡು. ಬೆಲೆ ಇಟ್ಟುಕೊಳ್ಳೋ ವೇರಿಯೇಬಲ್‌ಗೆ ಮಾತ್ರ ಎ ಇಂದ ಝಡ್‌ವರೆಗೆ ಒಂದೊಂದೇ ಅಕ್ಷರ. ಪ್ರೋಗ್ರಾಂ ಗುರುತಿಸೋ ಲೇಬಲ್ಲಿಗೂ ಅದೇ 26. ಅದಕ್ಕಿಂತ 19 ವರ್ಷ ಮುಂಚೆ, ಎಚ್‌ಪಿಯದೇ 1988ರ 42ಎಸ್‌ನಲ್ಲಿ, 7 ಕೆಬಿ ಚಿಲ್ಲರೆ ಜಾಗದಲ್ಲೇ 7 ಅಕ್ಷರದ ಹೆಸರು ಇಡಬಹುದಿತ್ತು! ಜಾಗ ನಾಲ್ಕು ಪಟ್ಟಾಯ್ತು, ಹೆಸರು ಒಂದಕ್ಕಿಳೀತು. ಹೊಟ್ಟೆ ಉರಿಯದೆ ಇನ್ನೇನಾಗುತ್ತೆ?

ಕಾಂಕ್ರೀಟ್ ಕಟ್ಟಡಗಳ ಭಾರತೀಯ ಕೋಡ್ ಐಎಸ್ 456ರ ಬೀಮ್ ಸೂತ್ರವನ್ನೇ ತಗೊಳ್ಳಿ. ಎಫ್‌ವೈ (ಕಬ್ಬಿಣದ ಬಲ), ಎಫ್‌ಸಿಕೆ (ಕಾಂಕ್ರೀಟಿನ ಬಲ), ಎಎಸ್‌ಟಿ (ಕಬ್ಬಿಣದ ವಿಸ್ತೀರ್ಣ) ಅಂತ ಕೋಡ್‌ನಲ್ಲಿ ಸ್ಪಷ್ಟವಾಗಿದೆ. 35ಎಸ್‌ಗೆ ಹಾಕಿದರೆ ಅದು ಹೀಗಾಗುತ್ತೆ:

ಎಂ = 0.87 × ವೈ × ಎ × ಡಿ × (1 − ಎ × ವೈ ÷ (ಬಿ × ಡಿ × ಎಫ್))

ಎಫ್‌ವೈ ಹೋಗಿ ವೈ, ಎಫ್‌ಸಿಕೆ ಹೋಗಿ ಎಫ್, ಎಎಸ್‌ಟಿ ಹೋಗಿ ಎ; ಎಂ ಬಾಗುಬಲ, ಬಿ ಅಗಲ, ಡಿ ಆಳ. ಸೂತ್ರವಾಗಿಯಾದರೂ ಇದನ್ನು ಓದಬಹುದು. ಆದರೆ ಈ ಎ ಎಲ್ಲ ಸೂತ್ರಗಳಿಗೂ ಸೇರಿದ ಒಂದೇ ಎ. ಇನ್ನೊಂದು ಸೂತ್ರ ಅದರಲ್ಲಿ ಇಡೀ ಅಡ್ಡಛೇದದ ವಿಸ್ತೀರ್ಣ 92000 ಬಿಟ್ಟು ಹೋಗಿದ್ದರೆ ಕೆಟ್ಟಿತು. ಯಾಕಂದ್ರೆ ಸೂತ್ರ ಬಿಡಿಸೋ ‘ಸಾಲ್ವ್’ ಕೀಲಿ ಹುಡುಕಾಟ ಶುರು ಮಾಡೋದು ಎ ಒಳಗಿನ ಬೆಲೆ ಮತ್ತು ಡಿಸ್‌ಪ್ಲೇಲಿರೋ ಬೆಲೆಯಿಂದ. ಉದಾಹರಣೆಗೆ ಬಿ 230 ಮಿಮೀ, ಡಿ 400 ಮಿಮೀ, ಎಂ20 ಕಾಂಕ್ರೀಟ್ (ಎಫ್ 20), ಎಫ್‌ಇ415 ಕಬ್ಬಿಣ (ವೈ 415), ಬಾಗುಬಲ 60 ಕಿಲೋನ್ಯೂಟನ್ ಮೀಟರ್ (ಯಂತ್ರಕ್ಕೆ 60 ಮಿಲಿಯನ್ ಅಂತಲೇ ಕೊಡಬೇಕು). ಎ ಗೆ ಸರಿಯಾದ ಉತ್ತರ 464 ಚದರ ಮಿಮೀ. ವರ್ಗಸಮೀಕರಣದ ಎರಡನೇ ಮೂಲ 3970. ಅದಕ್ಕೆ ತಟಸ್ಥ ಅಕ್ಷ (ಬೀಮಿನೊಳಗೆ ಒತ್ತಡವೂ ಎಳೆತವೂ ಇಲ್ಲದ ಗೆರೆ) ಎಷ್ಟು ಆಳದಲ್ಲಿದೆ ಅಂತ ಲೆಕ್ಕ ಹಾಕಿದರೆ 866 ಮಿಮೀ, ಬೀಮಿನಿಂದಲೇ ಆಚೆ! ಹಳೇ ಎ ಇಟ್ಟುಕೊಂಡು ಹೊರಟರೆ ಆ ತಪ್ಪು ಮೂಲಕ್ಕೇ ಹೋಗಿ ನಿಲ್ಲಬಹುದು, ಯಂತ್ರ ಚಕಾರ ಎತ್ತಲ್ಲ. ಹಾಗಾಗಿ ಪ್ರತಿ ಸಲ 0 ಅನ್ನು ಎ ಗೆ ಸ್ಟೋರ್ ಮಾಡಿ, ಡಿಸ್‌ಪ್ಲೇಲಿ 1000 ಒತ್ತಿ, ಆಮೇಲೇ ಸೂತ್ರ ತೆಗೆದು ಸಾಲ್ವ್ ಕೊಡಬೇಕು.

ಇದನ್ನೇ ಆರ್‌ಪಿಎನ್ (ಮೊದಲು ಸಂಖ್ಯೆಗಳು, ಆಮೇಲೆ ಕ್ರಿಯೆ ಬರೆಯೋ ಕ್ರಮ) ಪ್ರೋಗ್ರಾಂ ಮಾಡಿದರೆ ಮುಗಿದೇ ಹೋಯ್ತು. ಆರ್‌ಸಿಎಲ್ ಎ (ಅಂದ್ರೆ ಎ ಬೆಲೆ ತೆಗೆ), ಆರ್‌ಸಿಎಲ್ ವೈ, ಗುಣಿಸು, ಆರ್‌ಸಿಎಲ್ ಬಿ, ಭಾಗಿಸು... ಆರು ತಿಂಗಳು ಬಿಟ್ಟು ನೋಡಿದರೆ ಬರೆದವರಿಗೇ ತಲೆಬುಡ ಗೊತ್ತಾಗಲ್ಲ. ಇನ್‌ಪುಟ್ ಕೇಳುವಾಗಲೂ ಬರೀ ‘ಎಫ್?’. ಯಾವ ಎಫ್ ಮಾರಾಯ್ರೇ, ಕಾಂಕ್ರೀಟಿಂದೋ ಕಬ್ಬಿಣದ್ದೋ? ಕ್ಯಾಸಿಯೊ ಕಂಪನಿಯ ಎಫ್‌ಎಕ್ಸ್-5800ಪಿ ಕ್ಯಾಲ್ಕುಲೇಟರಿನಲ್ಲೂ ವೇರಿಯೇಬಲ್ ಒಂದೇ ಅಕ್ಷರ, ಸರಿ. ಆದರೆ ಉದ್ಧರಣ ಚಿಹ್ನೆಯೊಳಗೆ ಎಫ್‌ಸಿಕೆ ಅಂತ ಬರೆದು ಪ್ರಶ್ನಾರ್ಥಕ ಹಾಕಿದರೆ ಪರದೆ ಮೇಲೆ ಪೂರ್ತಿ ಹೆಸರು ಕೇಳುತ್ತೆ. ಅಷ್ಟು ಸಾಕಾಗಿತ್ತು!

35ಎಸ್‌ನಲ್ಲಿ ಅದೇ ಕೆಲಸಕ್ಕೆ ಫ್ಲ್ಯಾಗ್ 10 (ಯಂತ್ರದೊಳಗಿನ ಒಂದು ಆನ್-ಆಫ್ ಗುರುತು) ಸೆಟ್ ಮಾಡಿ, ಸಂದೇಶವನ್ನು ಸೂತ್ರದ ವೇಷದಲ್ಲಿ ಬರೆದು, ಮತ್ತೆ ಫ್ಲ್ಯಾಗ್ ಕ್ಲಿಯರ್ ಮಾಡಬೇಕು. ಆ ಸಂದೇಶದ ಒಂದೊಂದು ಅಕ್ಷರಕ್ಕೂ ಮೊದಲು ಆರ್‌ಸಿಎಲ್ ಒತ್ತಬೇಕು. ‘ಎಫ್‌ಸಿಕೆ’ ಅನ್ನೋ ಮೂರಕ್ಷರಕ್ಕೆ ಆರು ಒತ್ತು! ಫ್ಲ್ಯಾಗ್ ಕ್ಲಿಯರ್ ಮಾಡೋದು ಮರೆತರೆ ಮುಂದಿನ ನಿಜವಾದ ಸೂತ್ರವೂ ಲೆಕ್ಕವಾಗದೆ ಬರೀ ಬರಹವಾಗಿ ಪರದೆ ಮೇಲೆ ನಿಲ್ಲುತ್ತೆ.

ಸೂತ್ರಗಳ ಪಟ್ಟಿಗಾದರೂ ಹೆಸರಿದೆಯಾ? ಅದೂ ಇಲ್ಲ. ನಲವತ್ತು ಸೂತ್ರ ಇದ್ದರೆ ಬೇಕಾದ್ದು ಸಿಗೋವರೆಗೂ ಬಾಣದ ಕೀಲಿ ಒತ್ತುತ್ತಲೇ ಇರಬೇಕು. ಎಚ್‌ಪಿಯದೇ 17ಬಿ2ನಲ್ಲಿ ಸೂತ್ರದ ಮುಂದೆ ಹೆಸರು ಬರೆದು ಕೋಲನ್ ಹಾಕಿದರೆ ಆಗಿತ್ತು. ಬ್ಯಾಕಪ್‌ಗೆ ಕೇಬಲ್ಲೂ ಕೊಟ್ಟಿಲ್ಲ. ಮೆಮೊರಿ ಹೋದರೆ ಕಾಗದ ನೋಡಿಕೊಂಡು ಮೊದಲಿಂದ ಎಲ್ಲಾ ಒತ್ತಿ, ಸಾಲು ತಪ್ಪಿದೆಯಾ ಅಂತ ಚೆಕ್‌ಸಮ್ ಹೋಲಿಸುತ್ತಾ ಕೂರಬೇಕು.