ಗಂಟೆಯನ್ನು ಕರಗಿಸಬೇಕಾ, ಕಾಯಬೇಕಾ?

ನಾನೂ ಅಣ್ಣನೂ ಎರಡು ಮಳೆಗಾಲದಿಂದ ಒಂದು ದೊಡ್ಡ ಕಥೆ ಬರೆಯುತ್ತಿದ್ದೇವೆ. ಕೊಡಗಿನ ತಡಿಯಂಡಮೋಳ್ ಬೆಟ್ಟದ ಕೆಳಗಿನ ಊರಿನ ಹುಡುಗಿಯೊಬ್ಬಳಿಗೆ ಗದ್ದೆಯ ಬದುವಿನಲ್ಲಿ ಹಳೆಯ ಕಂಚಿನ ಗಂಟೆ ಸಿಗುತ್ತದೆ. ಅದನ್ನು ಬಾರಿಸಿ ಏನು ಹೇಳಿದರೂ ಸದ್ದು ಕೇಳಿದವರೆಲ್ಲ ಹಾಗೇ ಮಾಡುತ್ತಾರೆ. ಆದರೆ ಒಂದೊಂದು ಸಲ ಬಾರಿಸಿದಾಗಲೂ ಬಾರಿಸಿದವರಿಗೆ ತಮ್ಮವರಲ್ಲಿ ಒಬ್ಬರ ದನಿ ಶಾಶ್ವತವಾಗಿ ಕೇಳಿಸದಂತಾಗುತ್ತದೆ. ಅವಳಿಗೆ ಮೊದಲು ಹೋದದ್ದು ಅಮ್ಮನ ದನಿ. ಗಂಟೆಗಾಗಿ ಬೆನ್ನು ಬಿದ್ದವರಿಂದ ತಪ್ಪಿಸಿಕೊಂಡು ಅವಳು ಕಾಡು ದಾಟಿ, ಭಾಗಮಂಡಲ ದಾಟಿ, ಬ್ರಹ್ಮಗಿರಿಯ ಬುಡಕ್ಕೆ ಬಂದಿದ್ದಾಳೆ. ಕೊನೇ ಅಧ್ಯಾಯ ಮಾತ್ರ ಮುಂದಕ್ಕೆ ಹೋಗುತ್ತಿಲ್ಲ. ಗಂಟೆಯನ್ನು ನಾಶ ಮಾಡಲೇಬೇಕಾ? ನಾನು ಹೌದು ಅನ್ನುತ್ತೇನೆ, ಅಣ್ಣ ಬೇಡ ಅನ್ನುತ್ತಾನೆ.

ಪರ: ಕರಗಿಸಲೇಬೇಕು

ನಮ್ಮ ಹಳೇ ಕಥೆಗಳಲ್ಲಿ ವೀರರು ಹೊರಡುವುದು ಏನನ್ನಾದರೂ ತರುವುದಕ್ಕೆ. ಹನುಮಂತ ಸಂಜೀವಿನಿ ತಂದ. ಭೀಮ ಸೌಗಂಧಿಕಾ ಹೂ ತಂದ. ಗರುಡ ಅಮೃತ ತಂದ. ನಮ್ಮ ಹುಡುಗಿ ಹೊರಟಿರುವುದು ಬಿಟ್ಟು ಬರುವುದಕ್ಕೆ. ಇದು ಇನ್ನೂ ಕಷ್ಟ ಅಲ್ವಾ? ಹಸಿವಾದಾಗ, ಮಳೆಯಲ್ಲಿ ಜಿಗಣೆ ಹತ್ತಿದಾಗ, ಬೆನ್ನು ಬಿದ್ದವರು ಹತ್ತಿರ ಬಂದಾಗ, ಒಂದೇ ಒಂದು ಸಲ ಬಾರಿಸಿಬಿಡೋಣ ಅನ್ನಿಸುತ್ತದೆ. ಅಷ್ಟು ದೂರ ಬಾರಿಸದೆ ತಂದವಳು ಕೊನೆಗೆ ಅದನ್ನು ಯಾರದೋ ಮನೆಯಲ್ಲಿಟ್ಟು ಬಂದರೆ ಭಾರ ಇಳಿದ ಹಾಗಲ್ಲ. ಇನ್ನೊಬ್ಬರ ತಲೆಗೆ ಹೋಯಿತು, ಅಷ್ಟೇ.

ಒಳ್ಳೆಯವರ ಕೈಯಲ್ಲಿದ್ದರೆ ಏನೂ ಆಗುವುದಿಲ್ಲ ಎಂದು ಅಣ್ಣ ನಂಬುತ್ತಾನೆ. ಚೌತಿಯ ದಿನ ಚಂದ್ರನನ್ನು ನೋಡಿದವರಿಗೆ ಹೇಳುವ ಸ್ಯಮಂತಕದ ಕಥೆ ನೆನಪಿಸಿಕೊಳ್ಳಿ. ದಿನಕ್ಕೆ ಎಂಟು ಭಾರ ಚಿನ್ನ ಕೊಡುವ ಮಣಿ. ಸೂರ್ಯ ಅದನ್ನು ಸತ್ರಾಜಿತನಿಗೆ ಕೊಟ್ಟ. ಅದನ್ನು ಹಾಕಿಕೊಂಡು ಬೇಟೆಗೆ ಹೋದ ತಮ್ಮ ಪ್ರಸೇನನನ್ನು ಸಿಂಹ ಕೊಂದಿತು. ಸಿಂಹವನ್ನು ಜಾಂಬವಂತ ಕೊಂದ. ಕದ್ದ ಅಪವಾದ ಹೊತ್ತ ಕೃಷ್ಣ ಮಣಿಯನ್ನು ಹುಡುಕಿ ಹೋಗಿ, ಜಾಂಬವಂತನ ಜೊತೆ 28 ದಿನ ಹೋರಾಡಿದ ಅನ್ನುತ್ತದೆ ಭಾಗವತ. ಮಣಿ ಮತ್ತೆ ಸತ್ರಾಜಿತನ ಕೈ ಸೇರಿತು. ಅಲ್ಲಿಗಾದರೂ ಮುಗಿಯಿತಾ? ಇಲ್ಲ. ಶತಧನ್ವ ಅದಕ್ಕಾಗಿ ಸತ್ರಾಜಿತನನ್ನು ಮಲಗಿದ್ದಲ್ಲೇ ಕೊಂದ, ಆಮೇಲೆ ಅವನೂ ಸತ್ತ. ಕೃಷ್ಣನೇ ನ್ಯಾಯವಾಗಿ ಹಿಂದಿರುಗಿಸಿದ ಮಣಿಯ ಗತಿ ಇದು. ಅದನ್ನು ಯಾರಾದರೂ ಅವತ್ತೇ ಒಡೆದು ಹಾಕಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು ಎಂದು ನಾನು ಪ್ರತಿ ಚೌತಿಗೂ ಯೋಚಿಸುತ್ತೇನೆ.

ಬಚ್ಚಿಟ್ಟದ್ದು ಬಚ್ಚಿಟ್ಟಲ್ಲೇ ಇರುವುದಿಲ್ಲ. ಅಗಸ್ತ್ಯರಂಥವರ ಕಮಂಡಲದಿಂದಲೇ ಕಾವೇರಿ ಹರಿದು ಬಂದಳು. ಕಾವೇರಿ ಬಂದದ್ದು ನಮ್ಮ ಪುಣ್ಯ. ಗಂಟೆ ಹಾಗೆ ಹೊರಗೆ ಬಂದರೆ?

ಹೊಳೆಗೆ ಎಸೆಯುವುದೂ ಬೇಡ, ಕೆಳಗಿನ ಊರಿನವರ ಬಲೆಗೆ ಸಿಗುತ್ತದೆ. ಬೆಂಕಿ ಉಗುಳುವ ಬೆಟ್ಟ ಕೊಡಗಿನಲ್ಲಿಲ್ಲ, ಬೇಕಾಗಿಯೂ ಇಲ್ಲ. ಒಬ್ಬ ಕಂಚುಗಾರನ ಕುಲುಮೆ ಸಾಕು. ತಿದಿಯನ್ನು ಮಾತ್ರ ಅವಳೇ ಒತ್ತಬೇಕು.

ವಿರೋಧ: ಕಾಯಬೇಕು

ತಂಗಿ ಹೇಳಿದ ಸ್ಯಮಂತಕದ ಕಥೆ ಸರಿಯಾಗಿಯೇ ಇದೆ. ಆದರೆ ಆ ಮಣಿಯನ್ನು ಅವರು ಯಾರೂ ಕಾಯಲಿಲ್ಲ. ಒಬ್ಬ ಚಿನ್ನಕ್ಕಾಗಿ ಇಟ್ಟುಕೊಂಡ. ಇನ್ನೊಬ್ಬ ಕುತ್ತಿಗೆಗೆ ಹಾಕಿಕೊಂಡು ಕಾಡಿಗೆ ಹೋದ. ಇಟ್ಟುಕೊಳ್ಳುವುದು ಬೇರೆ, ಕಾಯುವುದು ಬೇರೆ.

ನಾಶ ಮಾಡಿದ್ದರ ಕಥೆಯೂ ಇದೆ. ಸಾಂಬನಿಗೆ ಬಸುರಿಯ ವೇಷ ಹಾಕಿ ಯಾದವರ ಹುಡುಗರು ಋಷಿಗಳನ್ನು ಗೇಲಿ ಮಾಡಿದರು. ಶಾಪದಿಂದ ಕಬ್ಬಿಣದ ಒನಕೆ ಹುಟ್ಟಿತು. ಹೆದರಿ ಅದನ್ನು ಅರೆದು ಪುಡಿ ಮಾಡಿಸಿ ಸಮುದ್ರಕ್ಕೆ ಹಾಕಿದರು. ಪುಡಿ ದಡಕ್ಕೆ ಬಂದು ಜೊಂಡಾಗಿ ಬೆಳೆಯಿತು. ಅದೇ ಜೊಂಡು ಕಿತ್ತು ಯಾದವರು ಒಬ್ಬರನ್ನೊಬ್ಬರು ಹೊಡೆದುಕೊಂಡು ಸತ್ತರು. ಉಳಿದ ಒಂದು ಚೂರನ್ನು ಮೀನು ನುಂಗಿತ್ತು. ಅದು ಜರ ಎಂಬ ಬೇಡನ ಬಾಣದ ತುದಿಯಾಗಿ ಕೃಷ್ಣನ ಪಾದಕ್ಕೆ ನಾಟಿತು. ಒನಕೆ ಒಂದಾಗಿದ್ದಾಗ ಎಲ್ಲರ ಕಣ್ಣಿಗೂ ಕಾಣುತ್ತಿತ್ತು. ಪುಡಿಯಾದ ಮೇಲೆ ಎಲ್ಲಿದೆ ಎಂದೇ ಗೊತ್ತಾಗಲಿಲ್ಲ. ಕರಗಿದ ಕಂಚೂ ಹಾಗೇ ಅಲ್ವಾ? ನಾಳೆ ಅದು ಯಾರದೋ ಮನೆಯ ದೀಪ ಆಗಬಹುದು, ಯಾವುದೋ ಮಗುವಿನ ಗೆಜ್ಜೆಯೂ ಆಗಬಹುದು.

ಹಾಲಾಹಲವನ್ನು ಶಿವ ಉಗುಳಲಿಲ್ಲ, ಪೂರ್ತಿ ನುಂಗಲೂ ಇಲ್ಲ. ಗಂಟಲಲ್ಲೇ ಹಿಡಿದುಕೊಂಡ. ನನಗೆ ನಮ್ಮ ಹುಡುಗಿ ಕಾಣಿಸುವುದು ಹಾಗೆ.

ಕೊಡಗಿನಲ್ಲಿ ಕುಳಿತು ಈ ಕಥೆ ಬರೆಯುತ್ತಾ ಕೊಡವರ ಆಯುಧ ಪೂಜೆಯಾದ ಕೈಲ್‌ಪೊಳ್ದ್ ಹಬ್ಬವನ್ನು ಮರೆಯುವುದು ಹೇಗೆ? ಹಿಂದೆ ನಾಟಿ ಕೆಲಸ ಶುರುವಾಗುವಾಗ ಐನ್‌ಮನೆಯ, ಅಂದರೆ ಕುಟುಂಬದ ಮೂಲಮನೆಯ, ದೇವರ ಕೋಣೆಯಾದ ಕನ್ನಿಕೊಂಬರೆಯಲ್ಲಿ ಆಯುಧ ಇಟ್ಟುಬಿಡುತ್ತಿದ್ದರು. ಗದ್ದೆ ಕೆಲಸ ಮುಗಿದು, ಸೆಪ್ಟೆಂಬರ್ ಮೊದಲ ವಾರದ ಹಬ್ಬಕ್ಕೇ ಅವು ಹೊರಗೆ ಬರುತ್ತಿದ್ದದ್ದು. ಇವತ್ತಿಗೂ ಕೋವಿ, ಒಡಿಕತ್ತಿಗೆ ತೋಕ್ ಪೂ (ಕೋವಿ ಹೂ) ಮುಡಿಸಿ ಪೂಜೆ ಮಾಡುತ್ತಾರೆ. ಆ ಹೂವಿನ ಗಿಡವೂ ವಿಷವೇ, ಗೆಡ್ಡೆ ತಿಂದರೆ ಪ್ರಾಣ ಹೋಗುತ್ತದೆ. ಅಪಾಯದ ವಸ್ತುವಿಗೆ ಒಂದು ಜಾಗ, ಒಂದು ಕಾಲ, ಒಂದು ಕಟ್ಟುಪಾಡು ಕೊಟ್ಟು ಬದುಕಿದ ಜನ ಇವರು. 1,200ಕ್ಕೂ ಜಾಸ್ತಿ ದೇವರಕಾಡುಗಳಿವೆ ಈ ಜಿಲ್ಲೆಯಲ್ಲಿ. ಅವು ಉಳಿದದ್ದು ಬೇಲಿಯಿಂದಲ್ಲ. ಅಲ್ಲಿ ಕತ್ತಿ ಬೀಸಬಾರದು ಎಂದು ಅಜ್ಜಿ ಮೊಮ್ಮಗಳಿಗೆ ಹೇಳುತ್ತಾ ಬಂದದ್ದರಿಂದ. ಕೆಲವು ಕಡೆ ಒತ್ತುವರಿ ಆಗಿದೆ, ಅದೂ ನಿಜ. ಹೇಳುವವರು ಸುಮ್ಮನಾದ ಕಡೆ ಹಾಗಾಗಿದೆ.

ನನ್ನ ಕೊನೇ ಅಧ್ಯಾಯದಲ್ಲಿ ಹುಡುಗಿ ಗಂಟೆಯ ನಾಲಗೆ ಬಿಚ್ಚುತ್ತಾಳೆ. ಗಂಟೆಯನ್ನು ದೇವರಕಾಡಿನಲ್ಲಿ ಕಟ್ಟಿ ಅಲ್ಲೇ ಹತ್ತಿರ ಮನೆ ಮಾಡುತ್ತಾಳೆ. ಅಮ್ಮ ಮಾತಾಡುವಾಗ ಅವಳ ತುಟಿ ನೋಡಿ ಅರ್ಥ ಮಾಡಿಕೊಳ್ಳಲು ಕಲಿಯುತ್ತಾಳೆ. ಕುಲುಮೆಯ ದೃಶ್ಯ ತಂಗಿಗೆ ಅಷ್ಟು ಇಷ್ಟವಾದರೆ ಆ ನಾಲಗೆಯನ್ನು ಕರಗಿಸಲಿ, ನಾನು ಒಪ್ಪುತ್ತೇನೆ. ಯಾರಾದರೂ ಹೊಸ ನಾಲಗೆ ಮಾಡಿಸಿಕೊಂಡು ಬರುತ್ತಾರೆ ಎಂದು ಅವಳು ಹೇಳುತ್ತಾಳೆ. ಖಂಡಿತ ಬರುತ್ತಾರೆ. ಅದಕ್ಕೇ ಅಲ್ಲಿ ಒಬ್ಬರು ಇರಬೇಕು ಅನ್ನುತ್ತಿರುವುದು.