ಪುಷ್ಪಮಾಲಾ ಅವರ ವಿಡಿಯೊಗಳ ಬಗ್ಗೆಯೂ ಬರೆಯಿರಿ

ನಮ್ಮ ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಎನ್. ಬಗ್ಗೆ ಕನ್ನಡದಲ್ಲಿ ನೀವು ಬರೆದ ಇಷ್ಟು ವಿವರವಾದ ಲೇಖನ ನೋಡಿ ಖುಷಿಯಾಯಿತು. ಆದರೆ ಪೂರ್ತಿ ಫೋಟೊಗಳದ್ದೇ ಮಾತು. ವಿಡಿಯೊಗಳಿಗೆ ಸಿಕ್ಕಿದ್ದು ಒಂದೇ ಸಾಲು. ಅದು ಸಾಲದು.

2004ರ 'ರಾಷ್ಟ್ರೀಯ ಖೀರ್ ಮತ್ತು ದೇಶೀಯ ಸಲಾಡ್' ತಗೊಳ್ಳಿ. ತಮ್ಮ ಅಮ್ಮ ಮತ್ತು ಅತ್ತೆ ಬರೆದಿಟ್ಟಿದ್ದ ಹಳೇ ಅಡುಗೆ ಪುಸ್ತಕಗಳಿಂದ ಹುಟ್ಟಿದ ವಿಡಿಯೊ ಅದು. ಸ್ವಾತಂತ್ರ್ಯ ಬಂದ ಹೊಸತರ ಒಂದು 'ಆದರ್ಶ' ಕುಟುಂಬ. ಮಿಲಿಟರಿ ಅಪ್ಪ, ಅಮ್ಮ, ಮಗ ಕರಿಹಲಗೆ ಮೇಲೆ ಬರೆಯುತ್ತಾರೆ. ಅಡುಗೆಮನೆಯ ಲೆಕ್ಕದ ಜೊತೆಗೇ ದೇಶ ಕಟ್ಟುವ ಪಾಠವೂ ಬರುತ್ತದೆ. ಮನೆ ಹೆಂಗಸರ ಕೈಬರಹವನ್ನು ಇಷ್ಟು ಗಂಭೀರವಾಗಿ ತಗೊಂಡ ಕಲಾವಿದರು ಎಷ್ಟು ಜನ ಇದ್ದಾರೆ ಹೇಳಿ?

ಇನ್ನೊಂದು ಮಾತು. ಪುಷ್ಪಮಾಲಾ ಬರೋಡಾದಲ್ಲಿ ಕಲಿತದ್ದು ಶಿಲ್ಪಕಲೆ. ಆಮೇಲೆ ತಾವೇ ವೇಷ ಹಾಕಿ ಕ್ಯಾಮೆರಾ ಮುಂದೆ ನಿಂತರು. ಫೋಟೊಗ್ರಾಫರ್ ಕ್ಲೇರ್ ಆರ್ನಿ ಜೊತೆ 2000ರಿಂದ 2004ರವರೆಗೆ ಮಾಡಿದ ಫೋಟೊ ಸರಣಿಯಲ್ಲಿ ರವಿವರ್ಮನ ಲಕ್ಷ್ಮಿಯೂ ಇವರೇ, ನೀಲಗಿರಿಯ ತೋಡ ಬುಡಕಟ್ಟಿನ ಹೆಂಗಸೂ ಇವರೇ. ತೋಡ ಚಿತ್ರದ ಹಿಂದಿನ ಚೌಕಳಿ ಪರದೆ ಗಮನಿಸಿ. ಬ್ರಿಟಿಷರ ಕಾಲದಲ್ಲಿ ಜನರ ಮೈ ಅಳೆಯಲು ಬಳಸುತ್ತಿದ್ದ ಪರದೆ ಅದು. ಅದರ ಮುಂದೆ ಸ್ವಂತ ದೇಹವನ್ನೇ ನಿಲ್ಲಿಸೋದು ಸುಮ್ನೆ ವೇಷ ಕಟ್ಟೋದಲ್ಲ, ಅಲ್ವಾ?

ಪುಷ್ಪಮಾಲಾ ತಮ್ಮ ಗೆಳತಿ, ಪತ್ರಕರ್ತೆ ಗೌರಿ ಲಂಕೇಶ್ ನೆನಪಿಗೆ ಸಾರು ಮಾಡಿದ ಪ್ರದರ್ಶನದ ಬಗ್ಗೆಯೂ ಜಾಸ್ತಿ ಜನರಿಗೆ ಗೊತ್ತಿಲ್ಲ. ಮುಂದಿನ ಬರಹ ಅದರ ಮೇಲೇ ಇರಲಿ, ದಯವಿಟ್ಟು.